ಹತ್ತೊಂಬತ್ತನೇ ಶತಮಾನದ ಡ್ಯಾನಿಶ್ ಕವಿಗಳು, ನಾಟಕಕಾರರು: ಪದೇ ಪದೇ ಕೇಳುವ ಪ್ರಶ್ನೆಗಳು

ಡೆನ್ಮಾರ್ಕಿನ ಸಾಹಿತ್ಯ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಆಂಡರ್ಸನ್, ಅವನ ಪುಟ್ಟ ಮತ್ಸ್ಯಕನ್ಯೆ, ಅವನ ಬಾತುಕೋಳಿ ಮರಿ. ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಆ ಆಂಡರ್ಸನ್ ಮಕ್ಕಳ ಕಥೆ ಬರೆಯಬೇಕು ಅಂತ ಊರು ಬಿಟ್ಟು ಬಂದವನಲ್ಲ. ಅವನಿಗೆ ಬೇಕಿದ್ದದ್ದು ರಂಗಭೂಮಿ. ಅವನಿಗಷ್ಟೇ ಅಲ್ಲ, ಆ ಕಾಲದ ಕೋಪನ್‌ಹೇಗನ್ ಕವಿಗಳಲ್ಲಿ ಬಹಳ ಜನಕ್ಕೆ ಅದೇ ಹುಚ್ಚು. ಡ್ಯಾನಿಶ್ ಬಾರದ, ಆದರೆ ಕುತೂಹಲ ಇರುವ ಓದುಗರಿಗಾಗಿ ಈ ಪ್ರಶ್ನೋತ್ತರ. ಉತ್ತರಗಳಲ್ಲಿ ನನ್ನ ಇಷ್ಟಾನಿಷ್ಟಗಳೂ ಸೇರಿಕೊಂಡಿವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

‘ಸುವರ್ಣಯುಗ’ ಅಂತಾರಲ್ಲ, ಅದು ಯಾವಾಗ?

ಹೆಚ್ಚು ಕಡಿಮೆ 1800ರಿಂದ 1850. ಹೆಸರು ಕೇಳಿ ದೇಶ ಸುಭಿಕ್ಷವಾಗಿತ್ತು ಅಂದುಕೊಳ್ಳಬೇಡಿ. 1801ರಲ್ಲಿ ಬ್ರಿಟಿಷ್ ನೌಕಾಪಡೆ ಕೋಪನ್‌ಹೇಗನ್ ಮೇಲೆ ಬಿತ್ತು. 1807ರಲ್ಲಿ ಮತ್ತೆ ಬಂದು ಊರಿಗೇ ಬೆಂಕಿ ಸುರಿದು, ಡೆನ್ಮಾರ್ಕಿನ ಯುದ್ಧದ ಹಡಗುಗಳನ್ನು ಎಳೆದುಕೊಂಡು ಹೋಯಿತು. 1813ರಲ್ಲಿ ಸರ್ಕಾರ ದಿವಾಳಿ ಎದ್ದಿತು. 1814ರಲ್ಲಿ ನಾರ್ವೆ ಕೈಬಿಟ್ಟು ಹೋಯಿತು. ಬೊಕ್ಕಸ ಬರಿದಾಗಿದ್ದಾಗಲೇ ಕಾವ್ಯ, ನಾಟಕ, ಚಿತ್ರಕಲೆ ಉಕ್ಕಿ ಬಂದವು.

ಯಾಕೆ ಹೀಗಾಯಿತು? ಒಂದು ಕಾರಣ ನನಗೆ ಒಪ್ಪುವಂತಿದೆ. 1849ರಲ್ಲಿ ಸಂವಿಧಾನ ಬರುವವರೆಗೂ ಅಲ್ಲಿ ರಾಜನದೇ ಪೂರ್ತಿ ಅಧಿಕಾರ. ಪತ್ರಿಕೆಗಳ ಮೇಲೆ ಕಣ್ಣಿತ್ತು. ಪೀಟರ್ ಆಂಡ್ರಿಯಾಸ್ ಹೈಬೆರ್ಗ್ ಎಂಬ ಲೇಖಕ ತನ್ನ ಚುಚ್ಚು ಬರಹಕ್ಕೆ ದೇಶದಿಂದಲೇ ಗಡಿಪಾರಾಗಿ ಪ್ಯಾರಿಸ್ ಸೇರಿದ. ರಾಜಕೀಯ ಮಾತಾಡುವ ಹಾಗಿಲ್ಲ ಎಂದಾಗ ಜನ ಏನು ಮಾಡಬೇಕು? ನಿನ್ನೆ ರಾತ್ರಿ ನೋಡಿದ ನಾಟಕದ ಬಗ್ಗೆ ಮಾತಾಡಿದರು.

ಇದೆಲ್ಲ ಒಂದು ಕಳ್ಳತನದಿಂದ ಶುರುವಾಯಿತು ಅಂತಾರೆ. ನಿಜವಾ?

ಪೂರ್ತಿ ಅಲ್ಲ, ಆದರೆ ಕಥೆ ಮಾತ್ರ ಬಿಡುವಂಥದ್ದಲ್ಲ.

ಯೂಲೆಂಡ್ ಎಂದರೆ ಡೆನ್ಮಾರ್ಕಿನ ಪಶ್ಚಿಮದ ಪರ್ಯಾಯ ದ್ವೀಪ. ಅದರ ದಕ್ಷಿಣದಲ್ಲಿ ಗಾಲೆಹೂಸ್ ಎಂಬ ಹಳ್ಳಿ. 1639ರಲ್ಲಿ ಕಿರ್ಸ್ಟೆನ್ ಎಂಬ ಹುಡುಗಿ ದಾರಿಯಲ್ಲಿ ನಡೆದು ಹೋಗುವಾಗ ಕಾಲಿಗೆ ಏನೋ ತಗುಲಿತು. ನೋಡಿದರೆ ನೆಲದಲ್ಲಿ ಹೂತಿದ್ದ ಚಿನ್ನದ ಕೊಂಬು. ಸುಮಾರು ನೂರು ವರ್ಷ ಕಳೆದು, 1734ರಲ್ಲಿ, ಅಲ್ಲೇ ಹತ್ತಿರದಲ್ಲಿ ಎರಿಕ್ ಲಾಸೆನ್ ಎಂಬ ರೈತನಿಗೆ ಇನ್ನೊಂದು ಸಿಕ್ಕಿತು. ಎರಡೂ ಕ್ರಿ.ಶ. 400ರ ಆಸುಪಾಸಿನವು. ಮೇಲೆಲ್ಲ ದೇವರು, ಪ್ರಾಣಿ, ವಿಚಿತ್ರ ಗುರುತುಗಳ ಕೆತ್ತನೆ. ರಾಜನ ಸಂಗ್ರಹದಲ್ಲಿ ಅವನ್ನು ಇಟ್ಟರು.

1802ರ ಮೇ 4ರ ರಾತ್ರಿ ನೀಲ್ಸ್ ಹೈಡನ್ರೈಕ್ ಎಂಬ ಅಕ್ಕಸಾಲಿಗ ಕಳ್ಳ ಬೀಗದಕೈ ಹಾಕಿ ಒಳಗೆ ಹೋಗಿ ಎರಡನ್ನೂ ಎತ್ತಿಕೊಂಡು ಬಂದ. ಮನೆಯಲ್ಲೇ ಕರಗಿಸಿಬಿಟ್ಟ. ಹುಡುಕಿಕೊಟ್ಟವರಿಗೆ 1000 ರಿಗ್ಸ್‌ಡಾಲರ್ ಬಹುಮಾನ ಅಂತ ಪತ್ರಿಕೆಯಲ್ಲಿ ಹಾಕಿದರು. ಕಳ್ಳ ಸಿಕ್ಕಿಬಿದ್ದ ಬಗೆ ಕೇಳಿ. ಅವನು ಅಕ್ಕಸಾಲಿಗರ ಸಂಘದ ಮುಖ್ಯಸ್ಥನಿಗೇ ನಕಲಿ ಪಗೋಡಗಳನ್ನು ಮಾರಲು ಹೋಗಿದ್ದ. ಪಗೋಡ ಅಂದರೆ ಬೇರೇನಲ್ಲ, ನಮ್ಮ ವರಹ! ದೇವರ ಚಿತ್ರ ಇರುವ ದಕ್ಷಿಣ ಭಾರತದ ಆ ಚಿನ್ನದ ನಾಣ್ಯವನ್ನು ಹಿತ್ತಾಳೆ ಬೆರೆಸಿ ಮಾಡಿದ್ದ. ಮುಖ್ಯಸ್ಥನಿಗೆ ಅನುಮಾನ ಬಂತು. ಕಣ್ಣಿಟ್ಟರು. ಅವನು ನಾಣ್ಯದ ಅಚ್ಚುಗಳನ್ನು ಊರಿನ ಕಂದಕಕ್ಕೆ ಎಸೆಯುವುದನ್ನು ನೋಡಿದರು. 1803ರಲ್ಲಿ ಜೈಲಿಗೆ ಹೋದವನು ಹೊರಗೆ ಬಂದದ್ದು 1840ರಲ್ಲಿ.

ಕೊಂಬುಗಳಂತೂ ವಾಪಸ್ ಬರಲಿಲ್ಲ. ಅದೇ 1802ರಲ್ಲಿ ಹೆನ್ರಿಕ್ ಸ್ಟೆಫೆನ್ಸ್ ಎಂಬ ಯುವಕ ಜರ್ಮನಿಯಿಂದ ಹೊಸ ವಿಚಾರಗಳನ್ನು ತುಂಬಿಕೊಂಡು ಕೋಪನ್‌ಹೇಗನ್ನಿಗೆ ಬಂದಿದ್ದ. ಆಡಮ್ ಓಲೆನ್‌ಶ್ಲೇಗರ್ ಎಂಬ 22ರ ಹುಡುಗನ ಜೊತೆ ಒಂದೇ ಸಮ 16 ಗಂಟೆ ಮಾತಾಡಿದ ಎಂಬುದು ಪ್ರಸಿದ್ಧ ಕಥೆ. ಅದರ ಬೆನ್ನಿಗೇ ಓಲೆನ್‌ಶ್ಲೇಗರ್ ಬರೆದದ್ದು ‘ಚಿನ್ನದ ಕೊಂಬುಗಳು’ ಎಂಬ ಕವಿತೆ. ದೇವತೆಗಳು ಕೊಂಬನ್ನು ಕೊಟ್ಟದ್ದು ಪಂಡಿತರಿಗಲ್ಲ, ಒಬ್ಬ ಮುಗ್ಧ ಹುಡುಗಿಗೆ, ಒಬ್ಬ ನೇಗಿಲು ಹಿಡಿದವನಿಗೆ. ಜನ ಅದನ್ನು ಸುಮ್ನೆ ಒಂದು ವಿಚಿತ್ರ ವಸ್ತು ಅಂತ ನೋಡಿದರು. ಅದಕ್ಕೇ ದೇವತೆಗಳು ವಾಪಸ್ ತೆಗೆದುಕೊಂಡರು. ಇಷ್ಟೇ ವಿಷಯ. ಸಾಲುಗಳು ತೀರಾ ಚಿಕ್ಕವು, ಎರಡು ಪೆಟ್ಟಿನವು, ಬಾಗಿಲು ಬಡಿದ ಹಾಗೆ. ಡ್ಯಾನಿಶ್ ರೊಮ್ಯಾಂಟಿಕ್ ಕಾವ್ಯ ಶುರುವಾದದ್ದು ಇಲ್ಲಿಂದ ಎಂದು ಅಲ್ಲಿಯ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಕಳ್ಳನ ಹೆಸರೂ ಅದರ ಜೊತೆಗೇ ಉಳಿದುಕೊಂಡಿದೆ, ಪಾಪ.

ಓಲೆನ್‌ಶ್ಲೇಗರ್ ಅಷ್ಟು ದೊಡ್ಡವನಾದರೆ ನಮಗೆ ಹೆಸರೇ ಗೊತ್ತಿಲ್ಲವಲ್ಲ?

ಪದ್ಯನಾಟಕಕ್ಕೆ ಗಡಿ ದಾಟುವುದು ಕಷ್ಟ. ಕಥೆ ದಾಟುತ್ತದೆ, ಛಂದಸ್ಸು ದಾಟುವುದಿಲ್ಲ. ಆಂಡರ್ಸನ್ ದಾಟಿದ, ಇವನು ಉಳಿದ.

ಅವನ ಕಾಲದಲ್ಲಿ ಮಾತ್ರ ಅವನೇ ದೊರೆ. 1829ರಲ್ಲಿ ಸ್ವೀಡನ್ನಿನ ಲುಂಡ್ ಚರ್ಚಿನಲ್ಲಿ ಸ್ವೀಡಿಶ್ ಕವಿ ಟೆಗ್ನೇರ್ ಅವನ ತಲೆಗೆ ಎಲೆಗಳ ಕಿರೀಟ ಇಟ್ಟು, ಉತ್ತರದ ದೇಶಗಳ ಕವಿಗಳಿಗೆಲ್ಲ ರಾಜ ಎಂದು ಸಾರಿದ. ಡೇನರೂ ಸ್ವೀಡರೂ ಶತಮಾನಗಳ ಕಾಲ ಹೊಡೆದಾಡಿಕೊಂಡವರು, ಅದನ್ನು ನೆನಪಿಟ್ಟುಕೊಂಡು ಈ ದೃಶ್ಯ ನೋಡಬೇಕು.

ಅವನ ನಾಟಕಗಳಲ್ಲಿ ಎರಡನ್ನು ಹೇಳುತ್ತೇನೆ. ‘ಹಾಕೋನ್ ಯಾರ್ಲ್’ 1807ರದ್ದು. ಹಳೆಯ ದೇವರುಗಳನ್ನು ನಂಬಿದ ನಾರ್ವೆಯ ಕೊನೆಯ ದೊರೆ, ಎದುರಿಗೆ ಹೊಸ ಕ್ರೈಸ್ತ ರಾಜ. ಇನ್ನೊಂದು 1805ರ ‘ಅಲ್ಲಾದೀನ್’. ಹೌದು, ಅರೇಬಿಯನ್ ನೈಟ್ಸ್‌ನ ಅಲ್ಲಾದೀನನೇ. ದೀಪಕ್ಕಾಗಿ ವರ್ಷಗಟ್ಟಲೆ ಪುಸ್ತಕ ತಿರುವಿದ ನೂರುದ್ದೀನನಿಗೆ ಅದು ದಕ್ಕುವುದಿಲ್ಲ. ಬೀದಿ ಸುತ್ತುವ ಸೋಮಾರಿ ಹುಡುಗನಿಗೆ ದಕ್ಕುತ್ತದೆ. ಪ್ರತಿಭೆ ಅಂದರೆ ಹೀಗೆ, ಬೆವರು ಸುರಿಸಿದರೆ ಬರುವಂಥದ್ದಲ್ಲ ಎಂಬ ಮಾತು ಅದರ ಒಳಗಿದೆ. ಈಗಿನವರಿಗೆ ಇದು ಸ್ವಲ್ಪ ಕಿರಿಕಿರಿ ಅನ್ನಿಸಬಹುದು. ನನಗೂ ಅನ್ನಿಸುತ್ತದೆ. ಆದರೆ ಒಬ್ಬ ಬಡ ಚಪ್ಪಲಿ ಹೊಲಿಯುವವನ ಮಗ ಇದನ್ನು ಓದಿ ‘ಇದು ನಾನೇ’ ಅಂದುಕೊಂಡ. ಅವನ ವಿಷಯ ಮುಂದೆ ಬರುತ್ತದೆ.

ಈ ಹೆಸರುಗಳನ್ನು ಹೇಗೆ ಉಚ್ಚರಿಸಬೇಕು?

ಬರೆದದ್ದರಲ್ಲಿ ಅರ್ಧ ನುಂಗಿ. ಮುಂದೆ ಬರುವ ಕವಿಯೊಬ್ಬನ ಹೆಸರು ಗ್ರುಂಡ್ಟ್ವಿಗ್ ಎಂದು ಬರೆದರೂ ಕೇಳುವುದು ‘ಗ್ರೊಂಟ್ವಿ’. ಓಲೆನ್‌ಶ್ಲೇಗರ್‌ನ ‘ಗ’ ಬಹುತೇಕ ಮಾಯ. ನಾವು ಕನ್ನಡದಲ್ಲಿ ಬರೆದ ಹಾಗೆ ಓದಿದರೆ ತಪ್ಪೇನಿಲ್ಲ, ತಲೆ ಕೆಡಿಸಿಕೊಳ್ಳಬೇಡಿ.

ಎಲ್ಲರೂ ನಾಟಕದ ಹಿಂದೆ ಬಿದ್ದದ್ದು ಯಾಕೆ?

ಊರು ಚಿಕ್ಕದು. 1801ರ ಜನಗಣತಿಯ ಪ್ರಕಾರ ಕೋಪನ್‌ಹೇಗನ್ನಿನಲ್ಲಿ ಇದ್ದದ್ದು ಸುಮಾರು 1 ಲಕ್ಷ ಜನ, ಅದೂ ಕೋಟೆಗೋಡೆಯ ಒಳಗೆ. ಊರ ನಡುವಿನ ದೊಡ್ಡ ಚೌಕದಲ್ಲಿ 1748ರಿಂದ ರಾಜನ ರಂಗಮಂದಿರ. ಶತಮಾನದ ಮೊದಲ ಅರ್ಧದಲ್ಲಿ ಗಂಭೀರ ನಾಟಕ ಆಡಿಸಬೇಕು ಅಂದರೆ ಅದೊಂದೇ ಬಾಗಿಲು. ಅಲ್ಲಿ ನಾಟಕ ಗೆದ್ದರೆ ದುಡ್ಡು, ಹೆಸರು, ಅರಮನೆಯ ಗಮನ ಎಲ್ಲವೂ. ಬಿದ್ದರೆ ಮರುದಿನ ಊರಿಗೆಲ್ಲ ಗೊತ್ತು. ಕವನ ಸಂಕಲನಕ್ಕೆ ಆ ಮಜಾ ಎಲ್ಲಿಂದ ಬರಬೇಕು?

ಆ ರಂಗದ ಮೇಲ್ಗಡೆ ‘ಬರೀ ಮೋಜಿಗಲ್ಲ’ ಎಂಬ ಅರ್ಥದ ಬರಹ ಇದೆ. ಈಗಿನ ಕಟ್ಟಡ 1874ರದ್ದು, ಬರಹ ಅದಕ್ಕಿಂತ ಹಳೆಯದು.

ನಾಟಕಕಾರ ಹೈಬೆರ್ಗ್ ಅಂದರೆ ಗಡಿಪಾರಾದವನೇನಾ?

ಅವನ ಮಗ, ಯೋಹಾನ್ ಲುಡ್ವಿಗ್ ಹೈಬೆರ್ಗ್ (1791–1860). ಅಪ್ಪ ಪ್ಯಾರಿಸ್ಸಿಗೆ ಹೋದಾಗ ಚಿಕ್ಕ ಹುಡುಗ. ದೊಡ್ಡವನಾದ ಮೇಲೆ ತಾನೂ ಪ್ಯಾರಿಸ್ಸಿಗೆ ಹೋಗಿ ಅಲ್ಲಿಂದ ಹೊತ್ತು ತಂದದ್ದು ‘ವೋದ್ವಿಲ್’. ಜನರ ಬಾಯಲ್ಲಿ ಆಗಲೇ ಇದ್ದ ಮಟ್ಟುಗಳಿಗೆ ಹೊಸ ಮಾತು ಕೂರಿಸಿ, ಮಧ್ಯೆ ಮಧ್ಯೆ ಹಾಡುತ್ತಾ ನಡೆಸುವ ಹಗುರ ನಾಟಕ. ಕಂಪನಿ ನಾಟಕದ ರಂಗಗೀತೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1825ರಲ್ಲಿ ‘ರಾಜ ಸೊಲೊಮನ್ ಮತ್ತು ಟೋಪಿ ಮಾಡುವ ಯೋರ್ಗೆನ್’ ಆಡಿದಾಗ ಊರು ಹುಚ್ಚೆದ್ದಿತು. ತಮಾಷೆ ಏನೆಂದರೆ ಈತ ಹೆಗೆಲ್‌ನ ತತ್ವಶಾಸ್ತ್ರದ ಕಟ್ಟಾ ಅಭಿಮಾನಿ. ವೋದ್ವಿಲ್ ಯಾಕೆ ಶ್ರೇಷ್ಠ ಎಂದು ಗಂಭೀರವಾಗಿ ಒಂದು ಪ್ರಬಂಧವನ್ನೇ ಬರೆದ.

1828ರಲ್ಲಿ ರಾಜಕುಮಾರಿಯ ಮದುವೆಗೆ ನಾಟಕ ಬೇಕು ಎಂದರು. ಹೈಬೆರ್ಗ್ ಬರೆದುಕೊಟ್ಟದ್ದು ‘ಎಲ್ವರ್‌ಹೋಯ್’, ಅಂದರೆ ಯಕ್ಷರ ದಿಬ್ಬ. ಸಂಗೀತ ಕುಹ್ಲಾವ್‌ನದು, ಬಹಳಷ್ಟು ಮಟ್ಟುಗಳು ಹಳೆಯ ಜನಪದ ಹಾಡುಗಳವು. ಸ್ಟೆವ್ನ್ಸ್ ಎಂಬ ಸೀಮೆಯಲ್ಲಿ ಯಕ್ಷರ ರಾಜನದೇ ಆಳ್ವಿಕೆ, ಬೇರೆ ಯಾವ ರಾಜನೂ ಅಲ್ಲಿಯ ಹೊಳೆ ದಾಟಬಾರದು ಎಂಬ ನಂಬಿಕೆ. ನಾಟಕದಲ್ಲಿ ರಾಜ ನಾಲ್ಕನೇ ಕ್ರಿಸ್ಟಿಯಾನ್ ಆ ಹೊಳೆ ದಾಟುತ್ತಾನೆ, ಪತ್ತೇದಾರನ ಹಾಗೆ ಗಂಟು ಬಿಡಿಸುತ್ತಾನೆ. ಆ ರಂಗಮಂದಿರದಲ್ಲಿ ಅತಿ ಹೆಚ್ಚು ಸಲ ಆಡಿದ ನಾಟಕ ಇದೇ, 1000 ಪ್ರದರ್ಶನ ದಾಟಿದೆ. ಓದಲು ಕುಳಿತರೆ ಅಷ್ಟೇನೂ ಇಲ್ಲ. ಹಾಡು, ಬೆಳಕು, ರಾಜಭಕ್ತಿ ಸೇರಿದಾಗಲೇ ಅದರ ರುಚಿ.

ಆಂಡರ್ಸನ್ ನಿಜವಾಗಿ ನಾಟಕ ಬರೆದಿದ್ದಾನಾ?

ಬರೆದಿದ್ದಾನೆ, ಒಂದಲ್ಲ ಹಲವಾರು. ಆದರೆ ಅದಕ್ಕಿಂತ ಅವನು ಆ ಬಾಗಿಲು ಬಡಿದ ಕಥೆ ಚೆನ್ನಾಗಿದೆ.

1819ರ ಸೆಪ್ಟೆಂಬರ್ 6. ಓಡೆನ್ಸ್‌ನಿಂದ 14 ವರ್ಷದ ಹುಡುಗ ಕೋಪನ್‌ಹೇಗನ್ನಿಗೆ ಬಂದು ಇಳಿದ. ಚಪ್ಪಲಿ ಹೊಲಿಯುತ್ತಿದ್ದ ಅಪ್ಪ ತೀರಿಕೊಂಡಿದ್ದ, ಅಮ್ಮ ಬೇರೆಯವರ ಬಟ್ಟೆ ಒಗೆಯುವವಳು. ಊರಲ್ಲಿ ಬರೆಸಿಕೊಂಡ ಒಂದು ಪರಿಚಯದ ಪತ್ರ ಹಿಡಿದು ಪ್ರಸಿದ್ಧ ನರ್ತಕಿ ಶಾಲ್ ಮೇಡಂ ಮನೆಗೆ ಹೋದ. ಆಕೆಗೆ ಪತ್ರ ಬರೆದವನ ಪರಿಚಯವೇ ಇಲ್ಲ! ಏನು ಬರುತ್ತೆ ನಿನಗೆ ಎಂದಾಗ ಹುಡುಗ ಬೂಟು ಬಿಚ್ಚಿಟ್ಟ. ತಲೆಯ ಟೋಪಿಯನ್ನೇ ಖಂಜಿರ ಮಾಡಿಕೊಂಡು ಬಡಿಯುತ್ತಾ, ಹಾಡುತ್ತಾ, ನಡುಮನೆಯಲ್ಲಿ ಕುಣಿದ. ಆಕೆ ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡು ಸಾಗಹಾಕಿದಳು. ಇದನ್ನು ಅವನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ, ಸ್ವಲ್ಪ ಉಪ್ಪು ಖಾರ ಸೇರಿಸಿದ್ದರೂ ಇರಬಹುದು. ಆಮೇಲೆ ಹೇಗೋ ಬ್ಯಾಲೆ ಗುಂಪಿಗೆ ಸೇರಿ 1821ರಲ್ಲಿ ‘ಆರ್ಮಿಡಾ’ದಲ್ಲಿ ಒಂದು ಭೂತದ ಪಾತ್ರ ಸಿಕ್ಕಿತು. ಕರಪತ್ರದಲ್ಲಿ ಹೆಸರು ಅಚ್ಚಾಗಿತ್ತು. ಆ ಕರಪತ್ರವನ್ನು ರಾತ್ರಿ ಹಾಸಿಗೆಗೆ ತೆಗೆದುಕೊಂಡು ಹೋಗಿ ದೀಪದ ಬೆಳಕಲ್ಲಿ ಮತ್ತೆ ಮತ್ತೆ ನೋಡಿದನಂತೆ.

ನಾಟಕಕಾರನಾಗಿ ಅವನ ದೊಡ್ಡ ಗೆಲುವು ‘ಮುಲಾಟ್ಟನ್’. ಬಿಳಿಯರಿಗೂ ಕರಿಯರಿಗೂ ಹುಟ್ಟಿದ ನಾಯಕನ ಪದ್ಯನಾಟಕ. 1839ರ ಡಿಸೆಂಬರ್ 3ಕ್ಕೆ ಮೊದಲ ಪ್ರದರ್ಶನ ಇತ್ತು. ಅದೇ ದಿನ ರಾಜ ತೀರಿಕೊಂಡ, ರಂಗಮಂದಿರಕ್ಕೆ ಎರಡು ತಿಂಗಳು ಬೀಗ. ಕೊನೆಗೆ 1840ರ ಫೆಬ್ರವರಿ 3ರಂದು ಆಡಿದರು, ಜನ ಮೆಚ್ಚಿದರು. ಈಗ ಅದನ್ನು ಯಾರೂ ಆಡುವುದಿಲ್ಲ. ಆ ಹೊತ್ತಿಗಾಗಲೇ, 1835ರಿಂದ, ಅವನು ಪಕ್ಕದ ಕೆಲಸ ಅಂತ ಬರೆದು ಹಾಕುತ್ತಿದ್ದ ಮಕ್ಕಳ ಕಥೆಗಳೇ ಉಳಿದುಕೊಂಡವು.

ಇವರಲ್ಲಿ ಜಗಳ ಜಾಸ್ತಿಯಂತೆ?

ಎಲ್ಲರೂ ಒಂದೇ ಬೀದಿಯಲ್ಲಿ ಓಡಾಡುವವರು, ಜಗಳ ಆಗದೆ ಇರುತ್ತದಾ? ಹಿರಿಯ ಕವಿ ಬಾಗೆಸೆನ್‌ಗೂ ಓಲೆನ್‌ಶ್ಲೇಗರ್‌ಗೂ ವರ್ಷಗಟ್ಟಲೆ ಕಚ್ಚಾಟ. ತತ್ವಜ್ಞಾನಿ ಸೋರೆನ್ ಕೀರ್ಕೆಗಾರ್ಡ್ 1838ರಲ್ಲಿ ತಂದ ಮೊದಲ ಪುಸ್ತಕವೇ ಆಂಡರ್ಸನ್‌ನ ಒಂದು ಕಾದಂಬರಿಯನ್ನು ಹರಿದು ಹಾಕಲು. ಆಂಡರ್ಸನ್ 1840ರಲ್ಲಿ ಒಂದು ಪುಟ್ಟ ವೋದ್ವಿಲ್ ಬರೆದು, ಅದರಲ್ಲಿ ಒಬ್ಬ ಕ್ಷೌರಿಕನ ಬಾಯಿಂದ ಕೀರ್ಕೆಗಾರ್ಡನ ಗೋಜಲು ವಾಕ್ಯಗಳನ್ನು ಹೇಳಿಸಿದ. 1844ರಲ್ಲಿ ಹೋಸ್ಟ್ರುಪ್ ಎಂಬವನು ವಿದ್ಯಾರ್ಥಿಗಳಿಗೆ ಬರೆದ ‘ಎದುರು ಮನೆಯವರು’ ಎಂಬ ಹಾಸ್ಯ ನಾಟಕದಲ್ಲೂ ಸೋರೆನ್ ಕಿರ್ಕ್ ಅಂತ ಒಂದು ಪಾತ್ರ. ಯಾರನ್ನು ಕುಟುಕಿದ್ದು ಅಂತ ಹೇಳಬೇಕಾಗಿಲ್ಲ. ಹೈಬೆರ್ಗ್ ‘ಸತ್ತ ಮೇಲೆ ಒಂದು ಆತ್ಮ’ ಎಂಬ ಪದ್ಯಪ್ರಹಸನದಲ್ಲಿ ಕೋಪನ್‌ಹೇಗನ್ನಿನ ಒಬ್ಬ ಮಾಮೂಲಿ ಗೃಹಸ್ಥನನ್ನು ನರಕಕ್ಕೆ ಕಳಿಸುತ್ತಾನೆ. ನರಕ ಥೇಟ್ ಕೋಪನ್‌ಹೇಗನ್ನಿನ ಹಾಗೇ ಇರುತ್ತದೆ, ಆತ್ಮಕ್ಕೆ ಅಲ್ಲಿ ಆರಾಮ! ಅದರಲ್ಲೂ ಆಂಡರ್ಸನ್‌ನ ನಾಟಕಗಳಿಗೆ ಒಂದು ಗೇಲಿ ಇದ್ದೇ ಇದೆ. ನನ್ನನ್ನು ಕೇಳಿದರೆ ಈ ಗುಂಪಿನ ನಾಟಕಗಳಲ್ಲಿ ಇವತ್ತಿಗೂ ನಗಿಸುವುದು ಇದೇ.

ಹೆಂಗಸರು ಯಾರೂ ಇರಲಿಲ್ವಾ?

ಇದ್ದರು, ಆದರೆ ಮುಸುಕಿನಲ್ಲಿ. ಹೈಬೆರ್ಗ್‌ನ ತಾಯಿ ಥೋಮಾಸಿನೆ ಗ್ಯುಲೆಂಬೋರ್ 50 ದಾಟಿದ ಮೇಲೆ ಕಥೆ ಬರೆಯಲು ಶುರು ಮಾಡಿದಳು, ಹೆಸರು ಹಾಕಲಿಲ್ಲ. ‘ಒಂದು ದಿನನಿತ್ಯದ ಕಥೆ ಬರೆದವರು’ ಎಂದಷ್ಟೇ ಇರುತ್ತಿತ್ತು. ಅವನ ಹೆಂಡತಿ ಯೋಹಾನೆ ಲುಯಿಸೆ ಊರಿನ ಅತಿ ದೊಡ್ಡ ನಟಿ, ಬಡ ಮನೆಯಿಂದ ಬಂದವಳು. ಆಕೆಯ ನಟನೆಯ ಬಗ್ಗೆ ಕೀರ್ಕೆಗಾರ್ಡ್ 1848ರಲ್ಲಿ ಒಂದು ದೀರ್ಘ ಲೇಖನವನ್ನೇ ಬರೆದ. 1997ರ 200 ಕ್ರೋನರ್ ನೋಟಿನ ಮೇಲೆ ಇದ್ದ ಮುಖ ಗಂಡನದಲ್ಲ, ಆಕೆಯದು.

ಅವರಲ್ಲಿ ಇಂದಿಗೂ ಜನ ನಿಜವಾಗಿ ಬಳಸುವುದು ಯಾವುದನ್ನು?

ಹಾಡುಗಳನ್ನು. ನಾಟಕಗಳು ಕಪಾಟು ಸೇರಿದವು, ಹಾಡುಗಳು ಬಾಯಲ್ಲಿ ಉಳಿದವು.

ಡೆನ್ಮಾರ್ಕಿನ ರಾಷ್ಟ್ರಗೀತೆ ಓಲೆನ್‌ಶ್ಲೇಗರ್ 1819ರಲ್ಲಿ ಬರೆದದ್ದು, ‘ಒಂದು ಚೆಲುವಾದ ನಾಡಿದೆ’ ಎಂದು ಶುರುವಾಗುತ್ತದೆ. ಅದರಲ್ಲಿ ಬೀಚ್ ಮರ ಇದೆ, ಕಡಲ ತೀರ ಇದೆ, ಫ್ರೇಯಾ ದೇವಿಯ ಮನೆ ಇದೆ. ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಕೇಳುವುದು ಇದನ್ನೇ.

ಇಂಗೆಮನ್ (1789–1862) ಸೋರೋ ಎಂಬ ಊರಿನಲ್ಲಿ ಮೇಷ್ಟ್ರಾಗಿದ್ದವನು. 1837ರಲ್ಲಿ ಮಕ್ಕಳಿಗೆ ಬೆಳಗಿನ ಹಾಡುಗಳನ್ನು ಬರೆದ, ವೈಸೆ ಎಂಬವನು ರಾಗ ಹಾಕಿದ. ‘ಪೂರ್ವದಲ್ಲಿ ಸೂರ್ಯ ಏಳುತ್ತಾನೆ, ಮೋಡಕ್ಕೆ ಚಿನ್ನ ಬಳಿಯುತ್ತಾನೆ’ ಎಂಬಂಥ ಸರಳ ಸಾಲುಗಳು. ಇವತ್ತಿಗೂ ಡ್ಯಾನಿಶ್ ಶಾಲೆಗಳಲ್ಲಿ ಹಾಡುತ್ತಾರೆ. ಗ್ರುಂಡ್ಟ್ವಿಗ್ (1783–1872) ಪಾದ್ರಿ, ಕವಿ, ಹಠಮಾರಿ. ಬರೆದ ಭಕ್ತಿಗೀತೆಗಳು ಸುಮಾರು 1500.

ಡ್ರಾಕ್‌ಮನ್ (1846–1908) ಮುಂದಿನ ತಲೆಮಾರು, ಚಿತ್ರಕಾರನೂ ಹೌದು. ಅವನ ‘ಒಂದಾನೊಂದು ಕಾಲದಲ್ಲಿ’ ನಾಟಕ 1887ರಲ್ಲಿ ರಂಗಕ್ಕೆ ಬಂತು. ನಾಟಕ ಮರೆತುಹೋದರೂ ಅದರ ಒಂದು ಹಾಡು ಬಿಟ್ಟಿಲ್ಲ. ಜೂನ್ 23ರ ರಾತ್ರಿ ಸಂತ ಹಾನ್ಸ್ ಹಬ್ಬ. ಕಡಲ ದಡದಲ್ಲಿ, ಕೆರೆ ಬದಿಯಲ್ಲಿ ಸೌದೆ ಒಟ್ಟಿ ಬೆಂಕಿ ಹಚ್ಚುತ್ತಾರೆ, ನಮ್ಮ ಕಾಮನ ಹಬ್ಬದ ಹಾಗೆ. ತುದಿಯಲ್ಲಿ ಮಾಟಗಾತಿಯ ಬೊಂಬೆ. ಹತ್ತಿರ ಹತ್ತು ಗಂಟೆಯಾದರೂ ಆಕಾಶದಲ್ಲಿ ಇನ್ನೂ ಬೆಳಕು. ಸುತ್ತ ನಿಂತ ಎಲ್ಲರೂ ಹಾಡುವುದು ಡ್ರಾಕ್‌ಮನ್‌ನ ‘ನಮ್ಮ ನಾಡನ್ನು ಪ್ರೀತಿಸುತ್ತೇವೆ’. ‘ಈ ನೆಲದಲ್ಲಿ ನಮಗೆ ಶಾಂತಿ ಬೇಕು’ ಎಂಬ ಸಾಲು ಬರುತ್ತದೆ.

ಕೋಪನ್‌ಹೇಗನ್ ಬಿಟ್ಟು ಹೊರಗೆ ಯಾರಿದ್ದರು?

ಇಬ್ಬರನ್ನು ಮರೆಯಬಾರದು. ಬ್ಲಿಕರ್ ಯೂಲೆಂಡಿನ ಬಯಲುಸೀಮೆಯ ಪಾದ್ರಿ. ಸಾಲ, ಕುಡಿತ, ಬೇಟೆ. 1842ರಲ್ಲಿ ಅವನು ತಂದ ‘ಇ ಬಿನ್‌ಸ್ಟೋವ್’ ಪೂರ್ತಿ ಯೂಲೆಂಡಿನ ಆಡುಮಾತಿನಲ್ಲಿದೆ. ಚಳಿಗಾಲದ ರಾತ್ರಿ ಒಂದು ಮನೆಯಲ್ಲಿ ಸೇರಿ ಉಣ್ಣೆ ಹೆಣೆಯುತ್ತಾ ಕುಳಿತವರು ಒಬ್ಬೊಬ್ಬರಾಗಿ ಕಥೆ ಹೇಳುತ್ತಾರೆ, ಹಾಡುತ್ತಾರೆ. ಧಾರವಾಡದ ಕನ್ನಡವನ್ನೋ ಕುಂದಾಪುರದ ಕನ್ನಡವನ್ನೋ ಪುಸ್ತಕದಲ್ಲಿ ಓದಿ ಖುಷಿಪಟ್ಟವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಓರೆಸ್ಟ್ರುಪ್ ಹಳ್ಳಿಯೂರಿನ ಡಾಕ್ಟರ್, 12 ಮಕ್ಕಳ ಅಪ್ಪ. ಬರೆದದ್ದು ಮೈಯ ಬಿಸಿ ಇರುವ ಪ್ರೇಮ ಕವಿತೆಗಳು. 1838ರಲ್ಲಿ ಸಂಕಲನ ತಂದಾಗ ಯಾರೂ ಕೇಳಲಿಲ್ಲ. ಸತ್ತ ಮೇಲೆ ಹೆಸರು ಬಂತು.

ಇಬ್ಸೆನ್ ಡ್ಯಾನಿಶ್ ಅಲ್ವಾ?

ಅಲ್ಲ, ನಾರ್ವೆಯವನು. ಆದರೆ ಗೊಂದಲಕ್ಕೆ ಕಾರಣ ಇದೆ. ನಾರ್ವೆ ರಾಜಕೀಯವಾಗಿ ಬೇರೆಯಾದರೂ ಬರಹದ ಭಾಷೆ ಹೆಚ್ಚು ಕಡಿಮೆ ಡ್ಯಾನಿಶ್ಶೇ. ಅವನ ಪ್ರಕಾಶಕರು ಕೋಪನ್‌ಹೇಗನ್ನಿನ ಗುಲ್ಡೆಂಡಾಲ್. ‘ಗೊಂಬೆಮನೆ’ ಮೊದಲು ರಂಗಕ್ಕೆ ಬಂದದ್ದೂ 1879ರ ಡಿಸೆಂಬರ್ 21ರಂದು, ಕೋಪನ್‌ಹೇಗನ್ನಿನ ಅದೇ ರಾಜರಂಗಮಂದಿರದಲ್ಲಿ. ನೋರಾ ಆದವಳು ಬೆಟ್ಟಿ ಹೆನ್ನಿಂಗ್ಸ್. ಯಕ್ಷರು, ರಾಜರು ಓಡಾಡಿದ ರಂಗದಲ್ಲಿ ಒಬ್ಬ ಗೃಹಿಣಿ ಬಾಗಿಲು ಹಾಕಿಕೊಂಡು ಹೊರಟಳು.

ಅಷ್ಟರಲ್ಲಿ ಡೆನ್ಮಾರ್ಕಿನಲ್ಲೂ ಗಾಳಿ ಬದಲಾಗಿತ್ತಾ?

ಹೌದು. 1871ರ ನವೆಂಬರ್ 3ರಂದು ಗೇಯೋರ್ಗ್ ಬ್ರಾಂಡೆಸ್ ಎಂಬ ವಿಮರ್ಶಕ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಶುರು ಮಾಡಿದ. ಸಾಹಿತ್ಯ ಸಮಸ್ಯೆಗಳನ್ನು ಚರ್ಚೆಗೆ ಎಳೆಯಬೇಕು ಎಂದ. ಹಳಬರು ಕೆಂಡವಾದರು. ಅವನ ಸುತ್ತ ಸೇರಿದವರಲ್ಲಿ ನನಗೆ ಇಷ್ಟ ಯೆನ್ಸ್ ಪೀಟರ್ ಯಾಕೊಬ್ಸೆನ್. ಸಸ್ಯಶಾಸ್ತ್ರ ಓದಿದವನು, ಪಾಚಿಯ ಮೇಲಿನ ಸಂಶೋಧನೆಗೆ ಚಿನ್ನದ ಪದಕ ಪಡೆದವನು, ಡಾರ್ವಿನ್ನನನ್ನು ಡ್ಯಾನಿಶ್‌ಗೆ ತಂದವನು. ಕ್ಷಯ ಹಿಡಿದು 38ಕ್ಕೇ ಹೋಗಿಬಿಟ್ಟ. ಅವನ ‘ಗುರ್ರೆಯ ಹಾಡುಗಳು’ ಎಂಬ ಕವಿತೆಗಳ ಸರಣಿಗೆ ಶೋನ್‌ಬೆರ್ಗ್ ಮಾಡಿದ ಭಾರೀ ಸಂಗೀತ 1913ರಲ್ಲಿ ವಿಯೆನ್ನಾದಲ್ಲಿ ಮೊಳಗಿತು.

ನಮ್ಮ ಕಡೆಗೂ ಇವರಿಗೂ ಏನಾದರೂ ನಂಟು?

ನೇರ ನಂಟು ಕಡಿಮೆ, ಆದರೆ ಕೆಲವು ಎಳೆ ಇವೆ. ನಕಲಿ ವರಹದ ವಿಷಯ ಹೇಳಿದೆ. ತಮಿಳುನಾಡಿನ ತರಂಗಂಬಾಡಿ 1620ರಿಂದ, ಬಂಗಾಳದ ಸೇರಾಂಪುರ ಆಮೇಲಿಂದ ಡೇನರ ಕೈಯಲ್ಲಿದ್ದವು. 1845ರಲ್ಲಿ ಎರಡನ್ನೂ 12.5 ಲಕ್ಷ ರೂಪಾಯಿಗೆ ಬ್ರಿಟಿಷರಿಗೆ ಮಾರಿದರು. ಆ ಸೇರಾಂಪುರದಲ್ಲೇ ವಿಲಿಯಂ ಕೇರಿ 1817ರಲ್ಲಿ ಕನ್ನಡದ ವ್ಯಾಕರಣ ಅಚ್ಚು ಹಾಕಿಸಿದ. ಅಂದರೆ ಆ ಕನ್ನಡ ವ್ಯಾಕರಣ ಹೊರಬಂದದ್ದು ಡ್ಯಾನಿಶ್ ಬಾವುಟದ ಕೆಳಗೆ!

ಇನ್ನೊಂದು ಎಳೆ ಗ್ರುಂಡ್ಟ್ವಿಗ್‌ನದು. ರೈತರ ಮಕ್ಕಳಿಗೆ ಪರೀಕ್ಷೆ ಇಲ್ಲದ, ಹಾಡು ಮಾತು ಜಾಸ್ತಿ ಇರುವ ವಸತಿಶಾಲೆ ಬೇಕು ಎಂಬುದು ಅವನ ಕನಸು. ಮೊದಲ ಶಾಲೆ 1844ರಲ್ಲಿ ರೋಡಿಂಗ್‌ನಲ್ಲಿ ಶುರುವಾಯಿತು. ಹಳೆಯ ಮೈಸೂರಿನಲ್ಲಿ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಯ ಯುವಕರಿಗೆ ನಡೆಸಿದ ವಿದ್ಯಾಪೀಠಗಳಿಗೆ ಮಾದರಿ ಇದೇ.

ಓದಲು ಎಲ್ಲಿಂದ ಶುರು ಮಾಡಲಿ?

ಹೆನ್ರಿಕ್ ಹೆರ್ಟ್ಸ್ ಬರೆದ ‘ರಾಜ ರೆನೆಯ ಮಗಳು’ (1845) ಹಿಡಿಯಿರಿ. ಒಂದೇ ಅಂಕ. ರಾಜಕುಮಾರಿ ಹುಟ್ಟು ಕುರುಡಿಯ ಹಾಗೇ ಬೆಳೆದಿದ್ದಾಳೆ, ಆದರೆ ಅವಳಿಗೆ ಅದು ಗೊತ್ತಿಲ್ಲ. ನೋಡುವುದು ಅಂತ ಒಂದಿದೆ ಎಂಬುದನ್ನೇ ಸುತ್ತಲಿನವರು ಮುಚ್ಚಿಟ್ಟಿದ್ದಾರೆ. ತೋಟಕ್ಕೆ ದಾರಿ ತಪ್ಪಿ ಬಂದ ತರುಣ ನೆನಪಿಗೆ ಒಂದು ಕೆಂಪು ಗುಲಾಬಿ ಕೊಡು ಎನ್ನುತ್ತಾನೆ. ಅವಳು ಬಿಳಿಯದನ್ನು ಕಿತ್ತು ಕೊಡುತ್ತಾಳೆ. ಚೈಕೋವ್‌ಸ್ಕಿ ಇದನ್ನೇ 1892ರಲ್ಲಿ ‘ಯೊಲಾಂಟಾ’ ಒಪೆರಾ ಮಾಡಿದ. ಥಿಯೋಡರ್ ಮಾರ್ಟಿನ್ ಆ ಕಾಲದಲ್ಲೇ ಮಾಡಿದ ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ಒಂದು ಸಂಜೆಗೆ ಓದಿ ಮುಗಿಸಬಹುದು. ಭಾಷೆ ಹಳತು, ಸ್ವಲ್ಪ ತಾಳ್ಮೆ ಬೇಕು. ಅದೇ ಮಾರ್ಟಿನ್ ಅಲ್ಲಾದೀನನನ್ನೂ ಅನುವಾದ ಮಾಡಿದ್ದಾನೆ, ಅದು ದಪ್ಪ ಪುಸ್ತಕ, ಆಮೇಲೆ ನೋಡಿದರಾಯಿತು.

ಡ್ಯಾನಿಶ್ ಮೂಲದ ಕವಿತೆಗಳು ಕಲಿಯೋಪೆ ಎಂಬ ಜಾಲತಾಣದಲ್ಲಿವೆ. ‘ಚಿನ್ನದ ಕೊಂಬುಗಳು’ ತೆರೆದು, ಅರ್ಥ ಆಗದಿದ್ದರೂ ಗಟ್ಟಿಯಾಗಿ ಹತ್ತು ಸಾಲು ಓದಿ ನೋಡಿ. ಉಚ್ಚಾರ ತಪ್ಪಾದರೂ ಪರವಾಗಿಲ್ಲ, ಆ ಬಾಗಿಲು ಬಡಿಯುವ ಸದ್ದು ಕೇಳಿಸುತ್ತದೆ.